ಬೇಸ್ ಎಲ್ಲಿ ಸೋರಿಹೋಗುತ್ತದೆ: ಕೊರಿಯನ್ ಪಾಪ್ ಕೇಳುವವರಿಗೆ ಹೆಡ್‌ಫೋನ್ ವಿಚಾರ

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಯಾವ ಮೊಬೈಲ್ ಅಂಗಡಿಯಲ್ಲಿ ಹೆಡ್‌ಫೋನ್ ಕೇಳಿದರೂ ಮೊದಲು ಕೈಗೆ ಬರುವ ಡಬ್ಬಿಯ ಮೇಲೆ ಡ್ರೈವರಿನ, ಎಂದರೆ ಪೊರೆಯನ್ನು ಕಂಪಿಸಿ ಧ್ವನಿ ಹುಟ್ಟಿಸುವ ಬಿಲ್ಲೆಯ, ಅಳತೆ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ: 40 ಮಿಲಿಮೀಟರ್, 50 ಮಿಲಿಮೀಟರ್. "ಇದರಾಗ ಬೇಸ್ ಭಾರಿ ಬರ್ತದ ನೋಡ್ರಿ" ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಬಿಟಿಎಸ್, ಬ್ಲ್ಯಾಕ್‌ಪಿಂಕ್, ಸೆವೆಂಟೀನ್ ತಂಡಗಳ ಹಾಡುಗಳನ್ನು ದಿನವಿಡೀ ಕೇಳುವ ನಮ್ಮ ಕಾಲೇಜು ಹುಡುಗ ಹುಡುಗಿಯರು ಆ ಮಾತನ್ನು ನಂಬಿ, ಇದ್ದುದರಲ್ಲಿ ದೊಡ್ಡ ಡ್ರೈವರಿನ ಹೆಡ್‌ಫೋನನ್ನೇ ಆರಿಸಿಕೊಳ್ಳುತ್ತಾರೆ. ಡ್ರೈವರ್ ದೊಡ್ಡದಾದಷ್ಟೂ ಬೇಸ್ ಹೆಚ್ಚುತ್ತದೆ ಎಂಬುದು ಧ್ವನಿವರ್ಧಕಗಳ ವಿಷಯದಲ್ಲಿ ಬಹುಮಟ್ಟಿಗೆ ನಿಜ. ಹೆಡ್‌ಫೋನಿಗೆ ಬಂದರೆ ಅದು ಬರಿಯ ಮೂಢನಂಬಿಕೆ. ಕಿವಿಗೆ ಸರಿಯಾಗಿ ಕೂತ 10 ಮಿಲಿಮೀಟರಿನ ಇಯರ್‌ಫೋನು, ಸರಿಯಾಗಿ ಕೂರದ 50 ಮಿಲಿಮೀಟರಿನ ಹೆಡ್‌ಫೋನನ್ನು ಬೇಸಿನಲ್ಲಿ ಸುಲಭವಾಗಿ ಸೋಲಿಸುತ್ತದೆ.

ಇದು ಹೇಗೆಂದು ನೋಡುವ ಮೊದಲು ಕೊರಿಯನ್ ಪಾಪ್ ಹಾಡಿನ ಧ್ವನಿ ಯಾವ ಬಗೆಯದು ಎಂಬುದನ್ನು ಗಮನಿಸಬೇಕು. 1992ರಲ್ಲಿ ಸಿಯೋಲ್‌ನಲ್ಲಿ 'ಸೋ ತೈಜಿ ಅಂಡ್ ಬಾಯ್ಸ್' ಎಂಬ ತಂಡವು ಅಮೆರಿಕದ ಹಿಪ್‌ಹಾಪ್ ಲಯವನ್ನು ಕೊರಿಯನ್ ಸಾಹಿತ್ಯಕ್ಕೆ ಜೋಡಿಸಿದ ದಿನದಿಂದ ಇಂದಿನವರೆಗೆ, ಯಂತ್ರದಿಂದ ಹುಟ್ಟಿದ ಆಳವಾದ ತಾಳ ಈ ಸಂಗೀತವನ್ನು ಬಿಟ್ಟಿಲ್ಲ. 1980ರಲ್ಲಿ ಜಪಾನಿನ ರೋಲಂಡ್ ಕಂಪನಿ ಹೊರತಂದ ಟಿಆರ್-808 ಎಂಬ ತಾಳಯಂತ್ರದ ಬೇಸ್ ಡ್ರಮ್ ಮತ್ತು ಅದರ ಸಂತತಿಯ ಧ್ವನಿಗಳು 40ರಿಂದ 60 ಹರ್ಟ್ಸ್‌ನ, ಎಂದರೆ ಸೆಕೆಂಡಿಗೆ 40ರಿಂದ 60 ಕಂಪನಗಳ, ಆಸುಪಾಸಿನಲ್ಲಿ ನಿಲ್ಲುತ್ತವೆ. ಮನುಷ್ಯನ ಕಿವಿ ಕೇಳಬಲ್ಲ ಕೆಳಮಿತಿಯೇ ಸುಮಾರು 20 ಹರ್ಟ್ಸ್. ಅದರ ಮೇಲೆ ಕಂಠಗಳ ಪದರಗಳು. ಬಿಟಿಎಸ್‌ನಲ್ಲಿ ಏಳು ಮಂದಿ, ಸೆವೆಂಟೀನ್‌ನಲ್ಲಿ ಹದಿಮೂರು ಮಂದಿ ಇದ್ದಾರೆ. ಒಬ್ಬರು ಒಂದು ಸಾಲು ಹಾಡಿ ಇನ್ನೊಬ್ಬರಿಗೆ ಬಿಟ್ಟುಕೊಡುತ್ತಾರೆ. ಅದೇ ಹೊತ್ತಿಗೆ ಎಡಕ್ಕೂ ಬಲಕ್ಕೂ ಹರಡಿದ ಸಹಕಂಠಗಳು, ಪಿಸುಮಾತುಗಳು, ಉಸಿರುಗಳು ಕೇಳಿಬರುತ್ತವೆ. ಭಾಷೆ ತಿಳಿಯದ ನಮ್ಮ ಕೇಳುಗರಿಗೆ ಈಗ ಹಾಡುತ್ತಿರುವವರು ಯಾರೆಂದು ಗುರುತಿಸುವುದೇ ಅರ್ಧ ಸುಖ. ಆದ್ದರಿಂದ ಈ ಸಂಗೀತ ಹೆಡ್‌ಫೋನಿನಿಂದ ಎರಡು ಬೇಡಿಕೆಗಳನ್ನು ಒಟ್ಟಿಗೇ ಇಡುತ್ತದೆ: ಅತಿ ಕೆಳಗಿನ ಬೇಸ್ ಇರಬೇಕು, ಆದರೆ ಅದು ಕಂಠಗಳನ್ನು ನುಂಗಬಾರದು.

ಮೊದಲು ಬೇಸಿನ ವಿಷಯ. 50 ಹರ್ಟ್ಸ್ ಧ್ವನಿಯ ತರಂಗಾಂತರ ಗಾಳಿಯಲ್ಲಿ ಸುಮಾರು 7 ಮೀಟರ್. ಕಿವಿಯ ನಾಳವಾದರೋ ಎರಡೂವರೆ ಸೆಂಟಿಮೀಟರ್ ಉದ್ದದ್ದು. ಏಳು ಮೀಟರಿನ ಅಲೆ ಅಷ್ಟು ಚಿಕ್ಕ ಜಾಗದಲ್ಲಿ ಅಲೆಯಾಗಿ ಸಾಗಲು ಎಡೆಯೇ ಇಲ್ಲ. ಅಲ್ಲಿ ನಡೆಯುವುದು ಬೇರೆಯೇ ಕೆಲಸ: ಇಯರ್‌ಫೋನಿನ ಪೊರೆ ಮುಂದೆ ಬಂದಾಗ ನಾಳದಲ್ಲಿ ಮುಚ್ಚಿಹೋಗಿರುವ ಗಾಳಿ ಇಡಿಯಾಗಿ ಒತ್ತಿಹೋಗುತ್ತದೆ, ಹಿಂದೆ ಸರಿದಾಗ ಇಡಿಯಾಗಿ ಸಡಿಲಗೊಳ್ಳುತ್ತದೆ. ಆ ಒತ್ತಡದ ಏರಿಳಿತವನ್ನೇ ಕಿವಿತಮಟೆ ಬೇಸ್ ಎಂದು ಗ್ರಹಿಸುತ್ತದೆ.

ಇದಕ್ಕೆ ಪೊರೆ ಎಷ್ಟು ಚಲಿಸಬೇಕು ಎಂದು ಲೆಕ್ಕ ಹಾಕಿದರೆ ಬರುವ ಉತ್ತರ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಸಾಕಷ್ಟು ಜೋರಾದ ಧ್ವನಿಯಾದ 94 ಡೆಸಿಬೆಲ್ ಎಂದರೆ ಒಂದು ಪಾಸ್ಕಲ್ ಒತ್ತಡ. ನಮ್ಮ ಸುತ್ತಲಿನ ವಾಯುಮಂಡಲದ ಒತ್ತಡ ಸುಮಾರು ಒಂದು ಲಕ್ಷ ಪಾಸ್ಕಲ್. ಅನಿಲಗಳ ನಿಯಮದಂತೆ ಮುಚ್ಚಿದ ಗಾಳಿಯಲ್ಲಿ ಒಂದು ಪಾಸ್ಕಲ್ ವ್ಯತ್ಯಾಸ ಉಂಟುಮಾಡಲು ಅದರ ಗಾತ್ರವನ್ನು ಹತ್ತು ಲಕ್ಷದಲ್ಲಿ ಏಳು ಪಾಲಿನಷ್ಟು ಬದಲಿಸಿದರೆ ಸಾಕು. ನಾಳದಲ್ಲಿರುವ ಗಾಳಿಯನ್ನು ಎರಡು ಘನ ಸೆಂಟಿಮೀಟರ್ ಎಂದು ಹಿಡಿದರೆ, ಆ ಏಳು ಪಾಲು 0.014 ಘನ ಮಿಲಿಮೀಟರ್ ಆಗುತ್ತದೆ. ಹತ್ತು ಮಿಲಿಮೀಟರ್ ವ್ಯಾಸದ ಪೊರೆಯ ವಿಸ್ತೀರ್ಣ ಸುಮಾರು 78 ಚದರ ಮಿಲಿಮೀಟರ್. ಭಾಗಿಸಿದರೆ ಪೊರೆಯ ಚಲನೆ ಒಂದು ಮಿಲಿಮೀಟರಿನ ಐದು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ! ತಲೆಗೂದಲಿನ ದಪ್ಪದ ಎದುರು ಇದು ಏನೇನೂ ಅಲ್ಲ. ಇಷ್ಟು ಅಲ್ಪ ಚಲನೆ ಸಾಕಾಗುವಾಗ ಇನ್ನೂ ದೊಡ್ಡ ಪೊರೆ ಏಕೆ ಬೇಕು? ತಲೆಯ ಮೇಲಿನಿಂದ ಬಂದು ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನಿನ ಬಟ್ಟಲಿನಲ್ಲಿ ಗಾಳಿ ಹೆಚ್ಚಿರುವುದರಿಂದ ಅಲ್ಲಿ ಪೊರೆ ದೊಡ್ಡದಿರುತ್ತದೆ, ಅಷ್ಟೇ. ಅದು ಅಗತ್ಯದ ಮಾತು, ಹಿರಿಮೆಯ ಮಾತಲ್ಲ.

ಈ ಲೆಕ್ಕವೆಲ್ಲ ನಿಂತಿರುವುದು ಗಾಳಿ ಮುಚ್ಚಿಹೋಗಿದೆ ಎಂಬ ಒಂದೇ ಊಹೆಯ ಮೇಲೆ. ಸೈಕಲ್ ಪಂಪಿನ ನಳಿಕೆಯನ್ನು ಟ್ಯೂಬಿನ ವಾಲ್ವಿಗೆ ಸಡಿಲವಾಗಿ ಸಿಕ್ಕಿಸಿ ನಿಧಾನವಾಗಿ ಒತ್ತಿದರೆ ಗಾಳಿಯೆಲ್ಲ ಬದಿಯಿಂದ ಸುಯ್ಯೆಂದು ಹೊರಟುಹೋಗುತ್ತದೆ. ಅದೇ ಪಂಪನ್ನು ಬಿರುಸಿನಿಂದ ಒತ್ತಿದರೆ, ಹೊರಹೋಗಲು ಸಮಯ ಸಾಲದೆ, ಸ್ವಲ್ಪವಾದರೂ ಗಾಳಿ ಒಳಗೆ ಸೇರುತ್ತದೆ. ಕಿವಿಯಲ್ಲಿ ಸಡಿಲವಾಗಿ ಕೂತ ಇಯರ್‌ಫೋನಿನಲ್ಲಿಯೂ ಹೀಗೆಯೇ ಆಗುತ್ತದೆ. ಸೆಕೆಂಡಿಗೆ 50 ಸಲ ಮಾತ್ರ ಏರಿಳಿಯುವ ಬೇಸಿನ ಒತ್ತಡಕ್ಕೆ ಬಿರುಕಿನಿಂದ ಸೋರಿಹೋಗಲು ಬೇಕಾದಷ್ಟು ಕಾಲಾವಕಾಶವಿರುತ್ತದೆ. ಸೆಕೆಂಡಿಗೆ 5,000 ಸಲ ಏರಿಳಿಯುವ ಧ್ವನಿಗೆ ಆ ಅವಕಾಶವಿಲ್ಲ. ಬಿರುಕಿನಲ್ಲಿರುವ ಗಾಳಿಗೂ ತನ್ನದೇ ಜಡತ್ವವಿದ್ದು, ಅಷ್ಟು ವೇಗದ ತಳ್ಳಾಟಕ್ಕೆ ಅದು ಅಲುಗದೆ ಮುಚ್ಚಳದಂತೆ ನಿಂತುಬಿಡುತ್ತದೆ. ಆದ್ದರಿಂದ ಸೋರಿಕೆ ಇಡೀ ಹಾಡನ್ನು ಮೆಲ್ಲಗಾಗಿಸುವುದಿಲ್ಲ. ಅದು ಬೇಸನ್ನು ಮಾತ್ರ ಆರಿಸಿ ಹೊರಗೆ ಕಳಿಸುತ್ತದೆ, ಸಕಾರ ಶಕಾರಗಳ ಚುರುಕನ್ನು ಒಳಗೆ ಉಳಿಸುತ್ತದೆ. "ಈ ಇಯರ್‌ಫೋನು ಬರೇ ಚೀರುತ್ತದೆ" ಎಂದು ದೂರುವವರಲ್ಲಿ ಬಹಳ ಮಂದಿಯ ತೊಂದರೆ ಇದೇ. ದೋಷ ಯಂತ್ರದಲ್ಲಿಲ್ಲ, ತುದಿಯ ರಬ್ಬರಿನಲ್ಲಿದೆ.

ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಅಳತೆಯ ಸಿಲಿಕಾನ್ ತುದಿಗಳಿರುತ್ತವೆ. ನಮ್ಮಲ್ಲಿ ಬಹುತೇಕರು ಮೊದಲೇ ಸಿಕ್ಕಿಸಿರುವ ನಡುವಿನ ಅಳತೆಯನ್ನು ಬಿಟ್ಟು ಉಳಿದವನ್ನು ಪ್ಲಾಸ್ಟಿಕ್ ಚೀಲದಿಂದ ಹೊರಗೇ ತೆಗೆಯುವುದಿಲ್ಲ. ಒಬ್ಬರದೇ ಎಡಗಿವಿಗೂ ಬಲಗಿವಿಗೂ ಬೇರೆ ಬೇರೆ ಅಳತೆ ಬೇಕಾಗಬಹುದು. ಪರೀಕ್ಷೆ ಸುಲಭವಾಗಿದೆ: ಬೇಸ್ ಚೆನ್ನಾಗಿರುವ ಹಾಡೊಂದನ್ನು ಹಾಕಿಕೊಂಡು ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಬೇಕು; ಒತ್ತಿದಾಗ ಬೇಸ್ ಥಟ್ಟನೆ ಹೆಚ್ಚಿದರೆ ಅಲ್ಲಿಯವರೆಗೆ ಅದು ಸೋರುತ್ತಿತ್ತು ಎಂದರ್ಥ. ದೊಡ್ಡ ಹೆಡ್‌ಫೋನುಗಳಲ್ಲಿ ಕನ್ನಡಕದ ಕಡ್ಡಿ, ದಪ್ಪ ಜಡೆ, ಝುಮಕಿ, ತಲೆಗೆ ಸುತ್ತಿದ ವಸ್ತ್ರ ಇವೆಲ್ಲ ಮೆತ್ತೆಯ ಕೆಳಗೆ ಸಂದು ಬಿಡುತ್ತವೆ. ಕನ್ನಡಕ ಹಾಕುವವರು ಕನ್ನಡಕ ಹಾಕಿಕೊಂಡೇ ಕೇಳಿ ನೋಡಿ, ಆಮೇಲೆ ಕೊಂಡುಕೊಳ್ಳಬೇಕು.

ಸೋರಿಕೆಯಿಂದ ಇನ್ನೂ ದೊಡ್ಡ ಹಾನಿಯೊಂದಿದೆ. 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ ಅವರು, ನಮ್ಮ ಕಿವಿ ಎಲ್ಲ ಆವೃತ್ತಿಗಳನ್ನೂ, ಎಂದರೆ ಬೇರೆ ಬೇರೆ ಹರ್ಟ್ಸ್‌ನ ಧ್ವನಿಗಳನ್ನು, ಸಮನಾಗಿ ಕೇಳುವುದಿಲ್ಲ ಎಂಬುದನ್ನು ಅಳೆದು ತೋರಿಸಿದರು. 1,000 ಹರ್ಟ್ಸ್‌ನ ಧ್ವನಿಯೊಂದು ಕೇಳಿಸತೊಡಗುವ ಮಟ್ಟಕ್ಕಿಂತ ಸುಮಾರು 40 ಡೆಸಿಬೆಲ್ ಹೆಚ್ಚು, ಅಂದರೆ ನೂರು ಪಟ್ಟು ಹೆಚ್ಚು ಒತ್ತಡವಿದ್ದರೆ ಮಾತ್ರ 50 ಹರ್ಟ್ಸ್‌ನ ಧ್ವನಿ ನಮಗೆ ಕೇಳಿಸತೊಡಗುತ್ತದೆ. ಹೀಗೆ ಮೊದಲೇ ಮಂದವಾದ ಬೇಸ್ ಸೋರಿಕೆಯಿಂದ ಇನ್ನೂ ಕುಗ್ಗಿದಾಗ ಕೇಳುಗನು ವಾಲ್ಯೂಮ್ ಏರಿಸುತ್ತಾನೆ. ಬೇಸ್ ಬಂದಷ್ಟು ಬರಲಿ, ಅದರೊಂದಿಗೆ ಕಿವಿಗೆ ತೀರ ಸೂಕ್ಷ್ಮವಾದ 2,000ದಿಂದ 5,000 ಹರ್ಟ್ಸ್‌ನ ಭಾಗವೂ ಏರಿಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ವಯಸ್ಕರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಮೂರು ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 89 ಡೆಸಿಬೆಲ್‌ಗೆ ಬಂದರೆ ವಾರಕ್ಕೆ ಐದೇ ಗಂಟೆ. ಕೊರಿಯನ್ ಪಾಪ್ ಹಾಡುಗಳನ್ನು ಸಾಮಾನ್ಯವಾಗಿ ಮೊದಲಿನಿಂದ ಕೊನೆಯವರೆಗೂ ಏರುಮಟ್ಟದಲ್ಲಿಯೇ ಇರುವಂತೆ ಒತ್ತಿ ಸಿದ್ಧಪಡಿಸುತ್ತಾರಾದ್ದರಿಂದ, ನಡುನಡುವೆ ಕಿವಿಗೆ ವಿರಾಮವೂ ಸಿಗುವುದಿಲ್ಲ.

ಇನ್ನು ಕಂಠಗಳು. ಒಂದು ತುದಿ ತೆರೆದು ಇನ್ನೊಂದು ತುದಿ ಮುಚ್ಚಿದ ಕೊಳವೆಯ ಅನುರಣನವನ್ನು ಪಿಯುಸಿ ಭೌತಶಾಸ್ತ್ರದಲ್ಲಿ ಎಲ್ಲರೂ ಓದಿರುತ್ತಾರೆ. ಕಿವಿಯ ನಾಳ ಅಂಥದೇ ಕೊಳವೆ. ಅದು 3,000 ಹರ್ಟ್ಸ್‌ನ ಸುತ್ತಮುತ್ತಲಿನ ಧ್ವನಿಯನ್ನು ತಾನಾಗಿಯೇ ಎತ್ತಿಕೊಡುತ್ತದೆ. ಕಂಠದಿಂದ ಕಂಠವನ್ನು ಬೇರ್ಪಡಿಸಿ ತೋರಿಸುವ, ವ್ಯಂಜನಗಳನ್ನು ಬಿಡಿಸಿ ಕೇಳಿಸುವ ವಿವರಗಳು ಬಹಳಷ್ಟು ಇರುವುದು ಅಲ್ಲಿಯೇ. ಕೊರಿಯನ್ ಭಾಷೆಯಲ್ಲಿ ಕಕಾರ ಒಂದೇ ಮೂರು ಬಗೆ, ಸಡಿಲ, ಬಿಗಿ ಮತ್ತು ಮಹಾಪ್ರಾಣ. ಆ ವ್ಯತ್ಯಾಸದ ಸುಳಿವಿನಲ್ಲಿ ಒಂದು ಪಾಲು ಈ ಮೇಲಿನ ಆವೃತ್ತಿಗಳ ಉಸಿರಿನಲ್ಲಿ ಅಡಗಿದೆ. ಆದರೆ ಇಯರ್‌ಫೋನನ್ನು ನಾಳದೊಳಗೆ ತುರುಕಿದೊಡನೆ ಕೊಳವೆಯ ತೆರೆದ ಬಾಯಿ ಮುಚ್ಚಿಹೋಗಿ ಆ ಸಹಜ ಅನುರಣನ ಅಳಿದುಹೋಗುತ್ತದೆ. ಕಳೆದುಹೋದುದನ್ನು ತಯಾರಕರು ಧ್ವನಿಯ ಹೊಂದಿಕೆಯಲ್ಲಿಯೇ, ಎಂದರೆ ಯಾವ ಆವೃತ್ತಿ ಎಷ್ಟು ಜೋರಾಗಿರಬೇಕೆಂಬ ಏರ್ಪಾಟಿನಲ್ಲಿಯೇ, ಮರಳಿ ಸೇರಿಸಬೇಕಾಗುತ್ತದೆ.

ಎಷ್ಟು ಸೇರಿಸಿದರೆ ಸರಿ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರು ಧ್ವನಿ ಉಪಕರಣಗಳ ಹರ್ಮನ್ ಕಂಪನಿಯ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ. 2012ರ ಈಚೆಗೆ ಅವರು ಅನೇಕ ಕೇಳುಗರಿಗೆ, ಯಾವ ಹೆಡ್‌ಫೋನ್ ಎಂದು ಗೊತ್ತಾಗದಂತೆ, ಬೇರೆ ಬೇರೆ ಹೊಂದಿಕೆಗಳನ್ನು ಕೇಳಿಸಿ, ಹೆಚ್ಚಿನವರು ಮೆಚ್ಚುವ ಒಂದು ವಕ್ರರೇಖೆಯನ್ನು ರೂಪಿಸಿದರು. ಅದರಲ್ಲಿ ಬೇಸ್ ತುಸು ಎತ್ತರ, 3,000 ಹರ್ಟ್ಸ್‌ನ ಬಳಿ ಒಂದು ದಿಬ್ಬ, ಅಲ್ಲಿಂದ ಮೇಲೆ ಇಳಿಜಾರು. ಆ ಹರ್ಮನ್ ಕಂಪನಿಯನ್ನು 2017ರಲ್ಲಿ ಕೊಂಡದ್ದು ಕೊರಿಯಾದ ಸ್ಯಾಮ್‌ಸಂಗ್. ಹಾಗೆಂದು ಕೊರಿಯನ್ ಹಾಡಿಗೆ ಕೊರಿಯನ್ ಒಡೆತನದ ಹೆಡ್‌ಫೋನೇ ಬೇಕೆಂದು ಯಾರೂ ತೀರ್ಮಾನಿಸಬಾರದು. ಆ ರೇಖೆಯನ್ನು ಹತ್ತಿರದಿಂದ ಅನುಸರಿಸುವ ಅಗ್ಗದ ಇಯರ್‌ಫೋನುಗಳು ಈಗ ಚೀನಾದಿಂದ ಬೇಕಾದಷ್ಟು ಬರುತ್ತಿವೆ. ಬೆಲೆಯೂ ಇಲ್ಲಿ ದಾರಿ ತೋರುವುದಿಲ್ಲ: ಇನ್ನೂರಕ್ಕೂ ಹೆಚ್ಚು ಹೆಡ್‌ಫೋನುಗಳ ಅಳತೆಗಳನ್ನು ಪರಿಶೀಲಿಸಿ ಯೆರೂನ್ ಬ್ರೇಬಾರ್ಟ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೆಲೆಗೂ ಧ್ವನಿಯ ಹೊಂದಿಕೆಗೂ ಸಂಬಂಧ ಕಾಣಲಿಲ್ಲ. ದೂರವಿಡಬೇಕಾದದ್ದು ಬೇಸನ್ನೂ ಟ್ರೆಬಲ್ ಎಂಬ ಮೇಲಿನ ಆವೃತ್ತಿಗಳ ಧ್ವನಿಯನ್ನೂ ವಿಪರೀತ ಎತ್ತಿ, ನಡುವಿನ ಕಂಠಗಳನ್ನು ಹಳ್ಳಕ್ಕೆ ತಳ್ಳುವ ಹೊಂದಿಕೆಯನ್ನು. ಅಂಗಡಿಯಲ್ಲಿ ಅರ್ಧ ನಿಮಿಷ ಕೇಳಿದಾಗ ಅದು ರೋಮಾಂಚನ ಹುಟ್ಟಿಸುತ್ತದೆ. ಸೆವೆಂಟೀನ್‌ನ ಹದಿಮೂರು ಮಂದಿ ಮಾತ್ರ ಅದರಲ್ಲಿ ಮೂರೋ ನಾಲ್ಕೋ ಆಗಿಬಿಡುತ್ತಾರೆ.

ಸದ್ದು ಅಳಿಸುವ ಹೆಡ್‌ಫೋನುಗಳ ಬಗ್ಗೆಯೂ ಭ್ರಮೆಗಳು ಕಡಿಮೆಯಿಲ್ಲ. ಹೊರಗಿನ ಸದ್ದಿಗೆ ತಲೆಕೆಳಗಾದ ಪ್ರತಿಸದ್ದನ್ನು ಸೇರಿಸಿ ಎರಡನ್ನೂ ಅಳಿಸಬಹುದೆಂಬ ಉಪಾಯಕ್ಕೆ ಜರ್ಮನಿಯ ಪಾಲ್ ಲ್ಯೂಗ್ 1936ರಲ್ಲಿಯೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ಅದನ್ನು ಹೆಡ್‌ಫೋನಿನೊಳಗೆ ಬಳಕೆಗೆ ತಂದ ಅಮರ್ ಬೋಸ್ ಅವರು, ಬ್ರಿಟಿಷರ ಕೈಯಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ ಬಂಗಾಳಿ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ. 1978ರಲ್ಲಿ ಜ್ಯೂರಿಕ್‌ನಿಂದ ಮರಳುವಾಗ ಇಂಜಿನ್ನಿನ ಮೊರೆತದಲ್ಲಿ ಸಂಗೀತ ಕೇಳಿಸದೆ ಬೇಸತ್ತು, ವಿಮಾನದಲ್ಲಿಯೇ ಲೆಕ್ಕ ಹಾಕತೊಡಗಿದರಂತೆ. ಅವರ ಕಂಪನಿಯ ವಿಮಾನಚಾಲಕರ ಹೆಡ್‌ಸೆಟ್ 1989ರಲ್ಲಿ ಮಾರುಕಟ್ಟೆಗೆ ಬಂದಿತು. ಈ ತಂತ್ರ ಹೆಚ್ಚಾಗಿ ಫಲಿಸುವುದು ಸುಮಾರು 1,000 ಹರ್ಟ್ಸ್‌ಗಿಂತ ಕೆಳಗಿನ, ಒಂದೇ ಸಮನೆ ಮೊರೆಯುವ ಸದ್ದಿನ ಮೇಲೆ. ಹುಮನಾಬಾದ್ ಮಾರ್ಗವಾಗಿ ಬೀದರಿಗೆ ಹೋಗುವ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನ ಡೀಸೆಲ್ ಇಂಜಿನ್ನಿನ ಗುಡುಗುಡು ಅದಕ್ಕೆ ಹೇಳಿ ಮಾಡಿಸಿದ ಬೇಟೆ. ಆದರೆ ಕಂಡಕ್ಟರರ ಸೀಟಿ, ಬೀದರಿನ ಆಕಾಶದಲ್ಲಿ ಅಭ್ಯಾಸ ನಡೆಸುವ ವಾಯುಪಡೆಯ ಸೂರ್ಯಕಿರಣ ತಂಡದ ಜೆಟ್‌ಗಳ ಶಿಳ್ಳೆಯಂಥ ಸದ್ದು, ಹಿಂದಿನ ಸೀಟಿನ ಹರಟೆ ಇವು ಅದಕ್ಕೆ ಸಿಕ್ಕುವುದಿಲ್ಲ. ಅವನ್ನು ತಡೆಯುವುದು ಮತ್ತೆ ಆ ಸಿಲಿಕಾನ್ ತುದಿಯ ಬಿಗಿತವೇ. ಸೋರುವ ಕಿವಿಯಲ್ಲಿ ಪ್ರತಿಸದ್ದೂ ಸೋರಿಹೋಗುತ್ತದೆ ಎಂಬುದನ್ನು ಡಬ್ಬಿಯ ಮೇಲೆ ಯಾರೂ ಬರೆಯುವುದಿಲ್ಲ.

ಉಳಿದ ಮಾತುಗಳನ್ನು ಚುಟುಕಾಗಿ ಮುಗಿಸಬಹುದು. ಚಿನ್ನದ ಲೇಪವಿರುವ ಪ್ಲಗ್ ತುಕ್ಕು ಹಿಡಿಯುವುದಿಲ್ಲ, ಧ್ವನಿಯನ್ನೇನೂ ಹೊಳೆಯಿಸುವುದಿಲ್ಲ. ಹೊಸ ಹೆಡ್‌ಫೋನನ್ನು ನೂರು ಗಂಟೆ ಹಾಡಿಸಿ 'ಪಳಗಿಸಬೇಕು' ಎನ್ನುವುದರಲ್ಲಿ ಪಳಗುವುದು ಕೇಳುವವರ ಮೆದುಳು. ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ದಾಖಲಿಸುವ ದರವೇ 22,050 ಹರ್ಟ್ಸ್‌ವರೆಗಿನ ಎಲ್ಲವನ್ನೂ ಹಿಡಿದಿಡುತ್ತದೆ. ಅದಕ್ಕಿಂತ ಮೇಲಿನದನ್ನು ಕೇಳಲು ಬಾವಲಿಯ ಕಿವಿ ಬೇಕು. ಬ್ಲೂಟೂತ್‌ನ ಸಾಧಾರಣ ವಿಧಾನಗಳೂ ಈ ಸಂಗೀತಕ್ಕೆ ಸಾಲುತ್ತವೆ. ಬ್ಲೂಟೂತ್‌ನಲ್ಲಿ ಧ್ವನಿ ತುಸು ತಡವಾಗಿ ಬರುವುದರಿಂದ, ನೃತ್ಯದ ವಿಡಿಯೊ ನೋಡುವಾಗ ಮಾತ್ರ ಹೆಜ್ಜೆಯೂ ತಾಳವೂ ಕೂಡುತ್ತವೆಯೇ ಎಂದು ಗಮನಿಸಬೇಕು; ನೃತ್ಯವನ್ನು ನೋಡಿ ಕಲಿಯುವವರಿಗೆ ತಂತಿಯ ಇಯರ್‌ಫೋನೇ ವಾಸಿ.

ಕೊನೆಯದಾಗಿ ಹವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ಯಾದಗಿರಿಗಳಲ್ಲಿ ಕಿವಿಯನ್ನು ಪೂರ್ತಿ ಮುಚ್ಚುವ ಕೃತಕ ಚರ್ಮದ ಮೆತ್ತೆಗಳು ಬೆವರಿಗೆ ನೆನೆದು ಪದರ ಪದರವಾಗಿ ಸುಲಿಯುತ್ತವೆ, ಸುಲಿದ ಕಡೆಯಿಂದ ಸೋರಿಕೆ ಮೊದಲಾಗುತ್ತದೆ. ಹಿಂಬದಿ ತೆರೆದ ಹೆಡ್‌ಫೋನುಗಳು ತಂಪಾಗಿರುತ್ತವೆ, ಆದರೆ ಸಾಮಾನ್ಯವಾಗಿ ತೀರ ಕೆಳಗಿನ ಬೇಸನ್ನು ಅವು ಬಿಟ್ಟುಕೊಡುತ್ತವೆ. ಮೇಲಾಗಿ ಶಹಾಬಾದ್ ಕಲ್ಲು ಹಾಸಿದ ನಮ್ಮ ಕೋಣೆಗಳಲ್ಲಿ ಪೂರ್ಣವೇಗದಲ್ಲಿ ತಿರುಗುವ ಫ್ಯಾನಿನ ಸದ್ದು ಅವುಗಳ ಮೂಲಕ ತಡೆಯಿಲ್ಲದೆ ಒಳಬರುತ್ತದೆ. ಆದ್ದರಿಂದ ನಮ್ಮ ಊರುಗಳಿಗೆ ನಾಳದೊಳಗೆ ಕೂರುವ ಇಯರ್‌ಫೋನೇ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಸಿಲಿಕಾನ್ ತುದಿಗಳನ್ನು ಆಗಾಗ ಕಳಚಿ ಸಾಬೂನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಮರಳಿ ಹಾಕಬೇಕು. ಬಿಗಿತ ಕಳೆದುಕೊಂಡ ತುದಿಗಳನ್ನು ಬದಲಿಸಬೇಕು. ಒಂದು ಕಿವಿಯಲ್ಲಿ ಧ್ವನಿ ತಗ್ಗಿದರೆ ಹೊಸದನ್ನು ಕೊಳ್ಳುವ ಮೊದಲು, ನಳಿಕೆಯ ಬಾಯಿಯಲ್ಲಿರುವ ಸಣ್ಣ ಜಾಲರಿಗೆ ಗುಗ್ಗೆ ಮೆತ್ತಿಕೊಂಡಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು.