ಕತ್ತರಿಯ ಮಡಿ

ನಮ್ಮಜ್ಜಿ ಮಡಿ ಬಟ್ಟೆಯನ್ನು ಕೋಲಿನಿಂದ ಎತ್ತಿ ಗಳದ ಮೇಲೆ ಹಾಕುತ್ತಿದ್ದರು. ನಾವು ಮಕ್ಕಳು ಮುಟ್ಟಿದರೆ ಮುಗೀತು, ಮತ್ತೆ ನೆನೆಸಿ ಹಿಂಡಬೇಕು. ನೋಡಿದರೆ ಬಟ್ಟೆಯಲ್ಲಿ ಏನೂ ವ್ಯತ್ಯಾಸ ಇಲ್ಲ. ಯಾರು ಮುಟ್ಟಿದರು ಅನ್ನುವುದಷ್ಟೇ ಲೆಕ್ಕ. ಮಡಿಯ ಹೆಸರಲ್ಲಿ ಮನುಷ್ಯರನ್ನೇ ದೂರ ಇಟ್ಟರಲ್ಲ, ಅದಕ್ಕೆ ನನ್ನ ವಕಾಲತ್ತು ಇಲ್ಲ. ಆದರೆ ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಓಟಿ (ಆಪರೇಷನ್ ಥಿಯೇಟರ್) ನರ್ಸ್ ಆಗಿರುವ ನಮ್ಮ ಅತ್ತಿಗೆ ತಮ್ಮ ಕೆಲಸದ ಮಾತು ತೆಗೆದಾಗಲೆಲ್ಲ ನನಗೆ ಆ ಕೋಲು ನೆನಪಾಗುತ್ತದೆ. ಸ್ಟೆರೈಲ್ ಆದ, ಅಂದರೆ ಕ್ರಿಮಿಯೆಲ್ಲ ಸತ್ತ ಕತ್ತರಿ, ಆಗದ ಕತ್ತರಿ ಎರಡೂ ಒಂದೇ ಥರ ಹೊಳೆಯುತ್ತವೆ.

ಒಂದು ಸಿಸೇರಿಯನ್ ಮುಗಿದ ಮೇಲೆ ಅದಕ್ಕೆ ಬಳಸಿದ ಸಾಮಾನಿನ ಸೆಟ್ ಸಿಎಸ್‌ಎಸ್‌ಡಿಗೆ ಹೋಗುತ್ತದೆ. ಸಾಮಾನು ತೊಳೆದು, ಕಟ್ಟಿ, ಹಬೆಗೆ ಹಾಕುವ ವಿಭಾಗ ಅದು. ಮೊದಲು ತೊಳೆಯಲೇಬೇಕು. ರಕ್ತನಾಳ ಹಿಡಿಯುವ ಚಿಮಟ, ಅಂದರೆ ಆರ್ಟರಿ ಫೋರ್ಸೆಪ್ಸ್‌ನ ಕೀಲಿನ ಸಂದಿಯಲ್ಲಿ ರಕ್ತ ಒಣಗಿ ಕೂತಿದ್ದರೆ ಹಬೆ ಅದರೊಳಗೆ ಹೋಗುವುದಿಲ್ಲ.

ಆಮೇಲೆ ಆಟೋಕ್ಲೇವ್, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಮೆಷಿನ್. "ಕುಕ್ಕರಿಗೆ ವೇಟ್ ಯಾವಾಗ ಹಾಕ್ತೀಯ?" ಅಂತ ಅತ್ತಿಗೆ ಕೇಳಿದರು. ಹಬೆ ಬಂದ ಮೇಲೆ, ಅಂದೆ. "ಯಾಕೆ?" ಗೊತ್ತಿರಲಿಲ್ಲ, ಅಮ್ಮ ಹೇಳಿದ್ದು ಅಷ್ಟೇ. ಒಳಗಿನ ಗಾಳಿ ಹೊರಗೆ ಹೋಗಲಿ ಅಂತ. ಗಾಳಿ ಉಳಿದರೆ ಒತ್ತಡ ಸರಿಯಾಗೇ ಕಾಣುತ್ತದೆ, ಆದರೆ ಶಾಖ ಕಡಿಮೆ ಇರುತ್ತದೆ. ಹಬೆಯ ಬಲ ಇರುವುದು ಅದು ತಣ್ಣನೆಯ ಲೋಹಕ್ಕೆ ತಾಗಿ ನೀರಾಗುವ ಕ್ಷಣದಲ್ಲಿ. ಒಂದು ಕೆಜಿ ಹಬೆ ನೀರಾದರೆ ಸುಮಾರು 2,200 ಕಿಲೋಜೌಲ್ ಶಾಖ ಕೊಟ್ಟುಬಿಡುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಕೈ ಸುಡುವುದು ಅದಕ್ಕೇ. ಒಣ ಬಿಸಿಯಲ್ಲಿ 160 ಡಿಗ್ರಿಗೆ ಎರಡು ಗಂಟೆ ಹಿಡಿಯುವ ಕೆಲಸ, 121 ಡಿಗ್ರಿ ಹಬೆಯಲ್ಲಿ ಹೆಚ್ಚೆಂದರೆ ಅರ್ಧ ಗಂಟೆ. 134 ಡಿಗ್ರಿಯಾದರೆ ಮೂರ್ನಾಲ್ಕು ನಿಮಿಷ ಸಾಕು.

ನಮ್ಮ ಕಡೆ ಇನ್ನೊಂದು ಸಂಗತಿ ಇದೆ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರ. ಇಲ್ಲಿ ನೀರು ಕುದಿಯುವುದೇ 97 ಡಿಗ್ರಿ ಚಿಲ್ಲರೆಗೆ. ಮಂಗಳೂರಿನಲ್ಲಿ ಗೇಜಿನ ಮುಳ್ಳು 15 ಪೌಂಡ್ ತೋರಿಸಿದರೆ ಒಳಗೆ 121 ಡಿಗ್ರಿ. ಮೈಸೂರಿನಲ್ಲಿ ಅದೇ 15ಕ್ಕೆ ಸುಮಾರು ಒಂದೂವರೆ ಡಿಗ್ರಿ ಕಡಿಮೆ, ಯಾಕೆಂದರೆ ಹೊರಗಿನ ಗಾಳಿಯ ಒತ್ತಡವೇ ಇಲ್ಲಿ ಕಮ್ಮಿ. ಮುಳ್ಳನ್ನೇ ನಂಬಿ ಕೂರುವ ಹಾಗಿಲ್ಲ, ಥರ್ಮಾಮೀಟರ್ ನೋಡಬೇಕು.

ಕಟ್ಟಿದ ಸೆಟ್ ಮೇಲೆ ಒಂದು ಟೇಪ್ ಅಂಟಿಸಿರುತ್ತಾರೆ. ಹಬೆ ತಾಗಿದರೆ ಅದರಲ್ಲಿ ಕಪ್ಪು ಗೆರೆ ಮೂಡುತ್ತದೆ. ಜಾಸ್ತಿ ಜನ ಅದನ್ನೇ ಗ್ಯಾರಂಟಿ ಅಂದುಕೊಳ್ಳುತ್ತಾರೆ. ಅದು ಹೇಳುವುದು ಇಷ್ಟೇ: ಈ ಕಟ್ಟು ಮೆಷಿನ್ ಒಳಗೆ ಹೋಗಿ ಬಂದಿದೆ. ನಿಜವಾದ ಪರೀಕ್ಷೆಗೆ ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳನ್ನು ಒಂದು ಪುಟ್ಟ ಶೀಷೆಯಲ್ಲಿ ಸಾಮಾನಿನ ಜೊತೆಗೇ ಇಡುತ್ತಾರೆ. ಹಬೆಗೆ ಇಷ್ಟು ಜಗ್ಗದ ಜೀವಿ ಅಪರೂಪ. ಅದು ಸತ್ತರೆ ಮಿಕ್ಕ ಕ್ರಿಮಿಗಳೂ ಸತ್ತ ಹಾಗೆ.

ಎಡವಟ್ಟು ಇರುವುದು ಇಲ್ಲಿ. ಹಳೆಯ ಥರದ ಶೀಷೆಯ ಉತ್ತರಕ್ಕೆ ಒಂದೆರಡು ದಿನ ಕಾಯಬೇಕು. ಅಷ್ಟರಲ್ಲಿ ಆ ಸೆಟ್ ಯಾರದೋ ಹೊಟ್ಟೆಯ ಆಪರೇಷನ್ ಮುಗಿಸಿ ಮತ್ತೆ ಸಿಂಕಿಗೆ ಬಂದಿರಬಹುದು, ಅಲ್ವಾ? ಹಾಗಾಗಿ ಪ್ರತಿ ಕಟ್ಟಿನ ಮೇಲೂ ಮೆಷಿನ್ ಯಾವುದು, ಎಷ್ಟನೇ ಲೋಡು, ಯಾವ ತಾರೀಕು, ಕಟ್ಟಿದವರು ಯಾರು ಅಂತ ಬರೆದಿರುತ್ತಾರೆ. ಓಟಿಯಲ್ಲಿ ಬಿಚ್ಚಿದಾಗ ಆ ಚೀಟಿ ರೋಗಿಯ ಕೇಸ್ ಶೀಟಿಗೆ ಅಂಟುತ್ತದೆ. ಶೀಷೆಯಲ್ಲಿ ಬ್ಯಾಕ್ಟೀರಿಯಾ ಚಿಗುರಿದರೆ ಆ ಲೋಡಿನ ಸೆಟ್‌ಗಳೆಲ್ಲ ವಾಪಸ್, ಬಳಸಿಯಾಗಿದ್ದರೆ ಆ ರೋಗಿಗಳ ಮೇಲೆ ನಿಗಾ.

ಕಟ್ಟು ಒದ್ದೆಯಾಗಿ ಹೊರಗೆ ಬಂದರೂ ವಾಪಸ್ಸೇ. ಒದ್ದೆ ಬಟ್ಟೆಯ ಮೂಲಕ ಹೊರಗಿನ ಕ್ರಿಮಿ ಒಳಗೆ ಇಳಿಯುತ್ತದೆ. ಅಜ್ಜಿಗೆ ಒದ್ದೆ ಸೀರೆಯೇ ಮಡಿ. ಅತ್ತಿಗೆಗೆ ಒದ್ದೆಯೇ ಮೈಲಿಗೆ.

ಸೆಟ್ಟಿಗೆ ಒಂದು ಚೀಟಿ ಸಾಲದು ಅನ್ನುವ ಕಡೆ ಒಂದೊಂದು ಕತ್ತರಿಗೂ ಗುರುತು ಇದೆ. 1996ರಲ್ಲಿ ಬ್ರಿಟನ್ನಿನಲ್ಲಿ ಹೊಸ ಬಗೆಯ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಎಂಬ ಮಿದುಳಿನ ಕಾಯಿಲೆ ಪತ್ತೆಯಾಯಿತು. ಅದನ್ನು ತರುವ ಪ್ರಿಯಾನ್ ಎಂಬ ಪ್ರೋಟೀನು ಮಾಮೂಲಿ ಆಟೋಕ್ಲೇವಿಗೂ ಬಗ್ಗುವುದಿಲ್ಲ. ಕಾಯಿಲೆ ಹೊರಬರುವುದು ಎಷ್ಟೋ ವರ್ಷದ ಮೇಲೆ. ಆಗ ಆ ರೋಗಿಗೆ ಬಳಸಿದ ಸಾಮಾನು ಆಮೇಲೆ ಯಾರ ಯಾರ ಮೈ ಮುಟ್ಟಿತು ಅಂತ ಹುಡುಕಬೇಕು. ಅದಕ್ಕೇ ಲೋಹದ ಮೇಲೆ ಲೇಸರಿನಿಂದ ಪುಟ್ಟ ಚೌಕ ಕೊರೆದು, ಕ್ಯಾಮೆರಾ ಹಿಡಿದರೆ ಅದರ ಪೂರ್ತಿ ಜಾತಕ ಬರುವ ಹಾಗೆ ಮಾಡಿದ್ದಾರೆ.

ಅತ್ತಿಗೆಯ ಆಸ್ಪತ್ರೆಯಲ್ಲಿ ಆ ಲೇಸರ್ ಇನ್ನೂ ಬಂದಿಲ್ಲ. ಉದ್ದ ರಿಜಿಸ್ಟರು, ದಾರ ಕಟ್ಟಿ ತೂಗುಬಿಟ್ಟ ಪೆನ್ನು. ಲೋಡ್ ನಂಬರ್ ಬರೆಯದ ಕಟ್ಟು ಬಂದರೆ ಟೇಪಿನ ಗೆರೆ ಎಷ್ಟೇ ಕಪ್ಪಗಿರಲಿ, ಅತ್ತಿಗೆ ಬಿಚ್ಚುವುದಿಲ್ಲ.