ಸರಾಸರಿ ಬೇಡ, ಮೆಟ್ಟಿಲು ಗೆರೆ ತೋರಿಸಿ

ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯದ ರೈತರ ಮುಂದೆ 'ಕಾರ್ಖಾನೆ ಕ್ಯೂನಲ್ಲಿ ಸರಾಸರಿ ಒಂಬತ್ತು ಗಂಟೆ ಕಾಯಬೇಕು' ಅಂತ ಹೇಳಿ ನೋಡಿ. 'ಅದಿರ್ಲಿ ಸಾ, ರಾತ್ರಿ ಊಟದೊತ್ತಿಗೆ ನನ್ ಗಾಡಿ ಖಾಲಿ ಆಯ್ತದಾ ಇಲ್ವಾ?' ಅಂತ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆ ಅದೇ. ಕಡಿದ ಕಬ್ಬು ಬಿಸಿಲಲ್ಲಿ ನಿಂತಷ್ಟೂ ತೂಕ ಇಳಿಯುತ್ತದೆ, ಸಿಹಿಯೂ ಇಳಿಯುತ್ತದೆ.

ಈ ಪ್ರಶ್ನೆಗೆ ನೇರ ಉತ್ತರ ಕೊಡುವುದು ಸಂಚಿತ ವಿತರಣೆಯ ಗೆರೆ, ಅಂದರೆ ಸಿಡಿಎಫ್. ಅಡ್ಡಕ್ಕೆ ಕಾದ ಗಂಟೆ, ಮೇಲಕ್ಕೆ ಅಷ್ಟರೊಳಗೆ ಖಾಲಿಯಾದ ಗಾಡಿಗಳ ಪಾಲು. ಹತ್ತು ಗಾಡಿ ಕಾದ ಗಂಟೆ ಹೀಗಿದೆ ಅಂದುಕೊಳ್ಳಿ: 3, 4, 4, 5, 6, 7, 8, 11, 19, 26. ಸರಾಸರಿ 9.3. ಒಂದೊಂದು ಗಾಡಿಗೂ ಗೆರೆ ಹತ್ತರಲ್ಲಿ ಒಂದು ಭಾಗ ಮೇಲೇರುತ್ತದೆ. 4ರಲ್ಲಿ ಎರಡು ಗಾಡಿ ಇರುವುದರಿಂದ ಅಲ್ಲಿ ಮೆಟ್ಟಿಲು ಎರಡರಷ್ಟು ಎತ್ತರ. 8ರಿಂದ ನೇರ ಮೇಲೆ ನೋಡಿದರೆ ಗೆರೆ 0.7ಕ್ಕೆ ಬಂದಿರುತ್ತದೆ. ಹತ್ತರಲ್ಲಿ ಏಳು ಗಾಡಿ ಅಷ್ಟರೊಳಗೆ ಖಾಲಿ. ಆಮೇಲಿನ ಮೆಟ್ಟಿಲುಗಳು ಉದ್ದುದ್ದ. ಸರಾಸರಿಯನ್ನು ಜಗ್ಗಿದ್ದು ಕೊನೆಯ ಆ ಎರಡು ಗಾಡಿ.

ಅಂಕಿಗಳನ್ನು ಗುಂಪು ಮಾಡಿ ಕಂಬಗಳಾಗಿ ತೋರಿಸುವ ಹಿಸ್ಟೋಗ್ರಾಂನಲ್ಲಿ ಕಂಬದ ಅಗಲ ಬದಲಿಸಿದರೆ ಆಕಾರವೇ ಬದಲಾಗುತ್ತದೆ. ಇಲ್ಲಿ ಆ ತಕರಾರಿಲ್ಲ. ಅಂಕಿಅಂಶದ ಲೆಕ್ಕಕ್ಕೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇಸಿಡಿಎಫ್ (ಕೈಲಿರುವ ಅಂಕಿಗಳಿಂದಲೇ ಕಟ್ಟಿದ ಸಿಡಿಎಫ್) ಫಂಕ್ಷನ್‌ಗೆ ಅಂಕಿ ಕೊಟ್ಟು ಪ್ಲಾಟ್ ಮಾಡಿದರೆ ಸಾಕು. ಪೈಥಾನ್ ಭಾಷೆಯಲ್ಲಿ ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್‌ಗೂ 2023ರಲ್ಲಿ, 3.8 ಆವೃತ್ತಿಯಲ್ಲಿ, ಇದೇ ಹೆಸರಿನ ಸೌಲಭ್ಯ ಬಂತು. ದಯವಿಟ್ಟು ಮೆಟ್ಟಿಲುಗಳನ್ನು ನುಣುಪು ಮಾಡಬೇಡಿ. ಇರುವುದು ಹತ್ತೇ ಗಾಡಿ ಅಂತ ನೋಡುವವರಿಗೆ ತಿಳಿಯುವುದೇ ಅವುಗಳಿಂದ, ಅಲ್ವಾ?

ನಾನು ಜಾಸ್ತಿ ಹೆದರುವುದು ಖಾಲಿ ಬಿಟ್ಟ ಅಂಕಿಗೆ. ಲೆಕ್ಕ ಮುಗಿಸುವಾಗ ಇನ್ನೂ ಎರಡು ಗಾಡಿ 26 ಗಂಟೆ ದಾಟಿಯೂ ಕ್ಯೂನಲ್ಲೇ ಇವೆ ಅನ್ನಿ. ಅವುಗಳ ಮುಂದೆ ಏನೂ ಬರೆದಿಲ್ಲ. ಆರ್ ಒಂದು ಮಾತೂ ಹೇಳದೆ ಅವನ್ನು ಸುಮ್ನೆ ಕೈಬಿಡುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್ ಎರರ್ ಕೊಟ್ಟು ನಿಂತುಬಿಡುತ್ತದೆ. ನನಗೆ ಅದೇ ವಾಸಿ. ಯಾಕೆಂದರೆ 8 ಗಂಟೆಯೊಳಗೆ ಖಾಲಿಯಾದದ್ದು ಈಗ 12ರಲ್ಲಿ 7, ಶೇ 70 ಅಲ್ಲ, ಸುಮಾರು ಶೇ 58. ಗೆರೆಯೂ 1ನ್ನು ಮುಟ್ಟಬಾರದು, 0.83ರ ಹತ್ತಿರ ನಿಲ್ಲಬೇಕು.

ಕ್ಯೂನಲ್ಲಿರುವ ಗಾಡಿಗಳಲ್ಲಿ ಕೆಲವು ಈಗಷ್ಟೇ ಬಂದಿದ್ದರೆ ಈ ಭಾಗಾಕಾರವೂ ಸಾಲದು. ಆಗ ಇನ್ನೂ ಕಾಯುತ್ತಿರುವ ಗಾಡಿಗಳನ್ನೂ, ಅವು ಇಲ್ಲಿಯವರೆಗೆ ಕಾದಷ್ಟು ಹೊತ್ತಿನ ಮಟ್ಟಿಗೆ, ಲೆಕ್ಕಕ್ಕೆ ಹಿಡಿಯುವ ಕಪ್ಲಾನ್-ಮೇಯರ್ ವಿಧಾನ ಬೇಕು. ಆರ್‌ನ ಸರ್ವೈವಲ್ ಪ್ಯಾಕೇಜ್‌ನಲ್ಲಿ ಅದಿದೆ. ಆದರೆ ಅದಕ್ಕೆ ಎರಡು ಕಾಲಂ ಬೇಕು: ಇಲ್ಲಿಯವರೆಗೆ ಕಾದ ಗಂಟೆ, ಮತ್ತು ಗಾಡಿ ಖಾಲಿ ಆಯಿತೋ ಇನ್ನೂ ನಿಂತಿದೆಯೋ ಎಂಬುದು. ಯಾರಾದರೂ ಲೆಕ್ಕ ತಂದರೆ ನಾನು ಮೊದಲು ಹುಡುಕುವುದು ಆ ಎರಡನೇ ಕಾಲಂ.