ಹಣ ಕೊಟ್ಟು ಕೊಂಡ ಇ-ಪುಸ್ತಕದ ಬೀಗ ತೆಗೆಯಬಹುದೇ?

ಪ್ರಶ್ನೆ: ನನ್ನ ತಂಗಿಗೆ ಕಣ್ಣು ಕಾಣುವುದಿಲ್ಲ. ಅವಳ ಪರೀಕ್ಷೆಗೆಂದು ಇ-ಪುಸ್ತಕವೊಂದನ್ನು ಕೊಂಡೆ. ಮೊಬೈಲಿನಲ್ಲಿ ಓದಿ ಹೇಳುವ ತಂತ್ರಾಂಶ ಪುಟದ ಸಂಖ್ಯೆಯನ್ನಷ್ಟೇ ಹೇಳಿ ಸುಮ್ಮನಾಗುತ್ತದೆ. ಬರಹಕ್ಕೆ ಡಿಜಿಟಲ್ ಬೀಗ ಹಾಕಿದ್ದಾರೆ. ಅದನ್ನು ತೆಗೆಸಿದರೆ ಅಪರಾಧವೇ?
– ಓದುಗರೊಬ್ಬರು, ಮುಳಬಾಗಿಲು

ಉತ್ತರ: ತಂಗಿ ಓದಲೆಂದೇ ತೆಗೆಸಿದರೆ ಅಪರಾಧವಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿಸಿದ 65ಎ ಕಲಮು ಬೀಗ ಮುರಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ, ನಿಜ. ಆದರೆ ಹಕ್ಕನ್ನು ಉಲ್ಲಂಘಿಸುವ ಉದ್ದೇಶ ಇದ್ದರೆ ಮಾತ್ರ. ಅಂಗವಿಕಲರು ಓದಬಲ್ಲ ರೂಪಕ್ಕೆ ಕೃತಿಯನ್ನು ಮಾರ್ಪಡಿಸಲು ಅದೇ ತಿದ್ದುಪಡಿ 52ನೇ ಕಲಮಿನಲ್ಲಿ ಅನುಮತಿ ಕೊಟ್ಟಿದೆ. ತೊಡಕು ಬೇರೆ ಕಡೆ ಇದೆ. ಬೀಗ ತೆಗೆಯಲು ನಿಮಗೆ ನೆರವಾದವನು ನಿಮ್ಮ ಹೆಸರು, ವಿಳಾಸ, ಉದ್ದೇಶವನ್ನೆಲ್ಲ ಬರೆದಿಟ್ಟುಕೊಳ್ಳಬೇಕು. ಬೀಗ ಹಾಕಿದವನಿಗೆ ಮಾತ್ರ ಕುರುಡರಿಗೆ ಅದನ್ನು ತೆರೆದುಕೊಡಬೇಕೆಂಬ ಕಟ್ಟುಪಾಡನ್ನು 65ಎ ಕಲಮು ಹಾಕಿಲ್ಲ. ಇದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ಕೊಳ್ಳುವಾಗ ಓದದೆ ಒಪ್ಪಿದ ಷರತ್ತುಗಳ ನೆಪದಲ್ಲಿ ಅಂಗಡಿಯವರು ನಿಮ್ಮ ಖಾತೆ ಮುಚ್ಚಲೂಬಹುದು. ಅದು ಕರಾರಿನ ತಕರಾರು, ಜೈಲಿನ ಮಾತಲ್ಲ.

ಬೀಗಕ್ಕೆ ಇನ್ನೊಂದು ಕುರುಡುತನವಿದೆ. ನಮ್ಮಲ್ಲಿ ಪುಸ್ತಕದ ಹಕ್ಕು ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಉಳಿಯುತ್ತದೆ. ನಿಮ್ಮ ಊರಿನವರೇ ಆದ ಡಿ.ವಿ.ಜಿ. 1975ರಲ್ಲಿ ತೀರಿಕೊಂಡರು, ಅವರ ಬರಹಗಳ ಹಕ್ಕು 2035ರ ಕೊನೆಯವರೆಗೂ ಇದೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ತೀರಿಕೊಂಡದ್ದು 1962ರಲ್ಲಿ. ಅವರ ಬದುಕಿನ ಕಾಲದಲ್ಲಿ ಪ್ರಕಟವಾದ ಬರಹ 2023ರ ಜನವರಿಯಿಂದ ಎಲ್ಲರ ಸೊತ್ತು. ಅದನ್ನೇ ಇಂದು ಇ-ಪುಸ್ತಕ ಮಾಡಿ ಬೀಗ ಜಡಿದರೆ, ಹಕ್ಕಿನ ಅವಧಿ ಮುಗಿದಿದೆಯೆಂದು ಆ ಬೀಗಕ್ಕೆ ತಿಳಿಯುವುದಿಲ್ಲ.

ಹಾಗೆಂದು ಬೀಗ ತೆಗೆದ ಕಡತವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ತಂಗಿಯ ನೆಪ ಅಲ್ಲಿ ನಡೆಯದು. ಸಾವಿರ ಪ್ರತಿ ಅಚ್ಚು ಹಾಕಿಸಿ, ಅದನ್ನು ಮಾರಲು ವರ್ಷಗಟ್ಟಲೆ ಅಲೆಯುವ ಕನ್ನಡ ಪ್ರಕಾಶಕರ ಹೊಟ್ಟೆಯ ಮೇಲೆ ಹೊಡೆಯುವುದಕ್ಕೆ ನನ್ನ ಸಮ್ಮತಿಯಿಲ್ಲ. ವಿಚಿತ್ರವೆಂದರೆ, ಕದ್ದ ಪ್ರತಿ ಓದುವವನಿಗೆ ಬೀಗದ ಕಾಟವೇ ಇಲ್ಲ. ತಡವರಿಸುವವರು ದುಡ್ಡು ಕೊಟ್ಟ ನಿಮ್ಮಂಥವರು.

ಮೊದಲು ‘ಸುಗಮ್ಯ ಪುಸ್ತಕಾಲಯ’ದಲ್ಲಿ ಹುಡುಕಿ. ದೃಷ್ಟಿದೋಷವುಳ್ಳವರಿಗೆಂದೇ 2016ರಲ್ಲಿ ಶುರುವಾದ ಆನ್‌ಲೈನ್ ಗ್ರಂಥಾಲಯ ಅದು. ಅಲ್ಲಿ ಸಿಗದಿದ್ದರೆ ಖರೀದಿಯ ರಸೀದಿ ಲಗತ್ತಿಸಿ, ಯೂನಿಕೋಡ್ (ಕನ್ನಡ ಅಕ್ಷರವನ್ನು ಕನ್ನಡವೆಂದೇ ಯಂತ್ರಕ್ಕೆ ತಿಳಿಸುವ ಸಂಕೇತ ಪದ್ಧತಿ) ಪಠ್ಯ ಕೊಡಿ ಎಂದು ಪ್ರಕಾಶಕರಿಗೆ ಬರೆಯಿರಿ. ಹಳೆಯ ಅಕ್ಷರಶೈಲಿಯ ಕಡತ ಕಳುಹಿಸಿದರೆ ತಂತ್ರಾಂಶ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತದೆ. ಹಾಗಾಗಿ ಯೂನಿಕೋಡ್ ಎಂದು ಸ್ಪಷ್ಟವಾಗಿ ಕೇಳಿ.